ಮಡಿಯಲ್ಲಿದ್ದ ಮಗ

ಭೀಮಾ ನದಿ ದಂಡೆಯ ಪಾಠಶಾಲೆಯಲ್ಲಿ ವಾದಿರಾಜನಷ್ಟು ಕಟ್ಟುನಿಟ್ಟಿನ ಶಿಷ್ಯ ಇನ್ನೊಬ್ಬನಿರಲಿಲ್ಲ. ಎಂಟು ವರ್ಷದವನಿದ್ದಾಗ ಬಂದು ಸೇರಿದವನಿಗೆ ಈಗ ಹದಿನೇಳು. ಮಂತ್ರದಲ್ಲಿ ಒಂದು ಸ್ವರ ತಪ್ಪಿದವನಲ್ಲ, ಮಡಿ ಕೆಡಿಸಿಕೊಂಡವನಲ್ಲ. ಗೆಳೆಯರು ಅಂತ ಮಾತ್ರ ಯಾರೂ ಇರಲಿಲ್ಲ, ಪಾಪ. ಇಂಥವನ ಹತ್ತಿರ ಯಾರು ತಾನೇ ಸುಳಿದಾರು?

ಅವತ್ತು ಬೆಳಿಗ್ಗೆ ನದಿಯಲ್ಲಿ ಮಿಂದು, ಒದ್ದೆ ಪಂಚೆಯಲ್ಲೇ ಪೂಜೆಯ ನೀರು ಹೊತ್ತು ಮೆಟ್ಟಿಲು ಹತ್ತುತ್ತಿದ್ದ. ಎದುರಿಗೆ ತಾಯಿ. ಮೂರು ವರ್ಷದ ಮೇಲೆ ಬಂದಿದ್ದಳು. ಮಗನ ಗಲ್ಲ ಸವರಲು ಕೈ ಚಾಚಿದಳು.

“ಮುಟ್ಟಬ್ಯಾಡವ್ವ, ಮಡೀಲೆ ಇದ್ದೀನಿ,” ಅಂದು ವಾದಿರಾಜ ಎರಡು ಹೆಜ್ಜೆ ಹಿಂದೆ ಸರಿದ.

“ಪೂಜಿ ಎಷ್ಟೊತ್ತಿಗೆ ಮುಗೀತದಪಾ?”

“ಹನ್ನೆರಡಾಗ್ತದ.”

“ನನ್ನ ಬಸ್ಸು ಹನ್ನೊಂದಕ್ಕ. ಇರೋದು ಅದೊಂದೇ.”

ಚಾಚಿದ ಕೈಯನ್ನು ಅವಳು ಸೆರಗಿಗೆ ಒರೆಸಿಕೊಂಡಳು. ತಂದಿದ್ದ ಉಂಡೆಯ ಗಂಟನ್ನು ಮೆಟ್ಟಿಲ ಮೇಲಿಟ್ಟು ಹೊರಟಳು. ವಾದಿರಾಜ ಅವಳು ಹೋಗುವುದನ್ನೇ ನೋಡುತ್ತ ನಿಂತ. ಆದರೂ ಅವನು ಕೊಡ ಇಳಿಸಲಿಲ್ಲ.

ದೇವರ ಮುಂದೆ ಗುರುಗಳು ತಿರುಮಲಾಚಾರ್ಯರು ಗಂಧ ತೇಯುತ್ತಿದ್ದರು. ವಾದಿರಾಜ ನಡೆದದ್ದನ್ನೆಲ್ಲ ಹೇಳಿದ. ಹೊಗಳುತ್ತಾರೆ ಅಂದುಕೊಂಡಿದ್ದ.

ಆಚಾರ್ಯರು ಗಂಧದ ಕೊರಡು ಕೆಳಗಿಟ್ಟು ಎದ್ದರು. ಹೊರಗೆ ಹೋಗಿ ಆ ಗಂಟನ್ನು ಎರಡೂ ಕೈಯಿಂದ ಎತ್ತಿಕೊಂಡು ಬಂದರು.

“ಆಚಾರ್ರ, ಅದು ಮೈಲಿಗಿ. ನಿಮ್ಮ ಮಡಿ ಹೋತು.”

“ಹೋಗ್ಲಿ.”

ಅದೇ ಕೈಯಿಂದ ಶಿಷ್ಯನ ತಲೆ ಸವರಲು ಬಂದರು. ವಾದಿರಾಜ ಹಿಂದೆ ಹಿಂದೆ ಸರಿದು ಗೋಡೆಗೆ ಆತುಕೊಂಡ.

“ನನ್ನಿಂದನೂ ದೂರ ಸರೀತಿಯೇನೋ?”

“ನೀವೇ ಕಲಿಸೀರಿ.”

“ಹೌದು, ನಾನೇ ಕಲಿಸೀನಿ.” ಆಚಾರ್ಯರು ಚಾಚಿದ ಕೈ ಇಳಿಸಿದರು. “ಒಂಬತ್ತು ವರ್ಷದಾಗ ಪ್ರೀತಿಯಿಂದ ನಿನ್ನ ಯಾರರೆ ಮುಟ್ಟ್ಯಾರೇನು?”

ವಾದಿರಾಜ ನೆನಪು ಮಾಡಿಕೊಂಡ. ಒಬ್ಬರೂ ನೆನಪಾಗಲಿಲ್ಲ. ಇಷ್ಟು ಮಂತ್ರ ಬಾಯಿಪಾಠ ಇದ್ದವನಿಗೆ ಅದೊಂದು ಮಾತ್ರ ನೆನಪಾಗಲಿಲ್ಲ. ಅಳು ಉಕ್ಕಿ ಬಂತು.

“ಹತ್ತೂವರಿ ಆಗೇದ,” ಅಂದರು ಆಚಾರ್ಯರು. “ಓಡು.”

“ಪೂಜಿ?”

“ನಿನ್ನ ವಯಸ್ಸಿನಾಗ ನಾನೂ ನಮ್ಮವ್ವನ್ನ ಹಿಂಗೇ ದೂರ ನಿಲ್ಲಿಸಿದ್ದೆ. ನಮ್ಮ ಗುರುಗಳು ಭಾಳ ಹೊಗಳಿದ್ರು. ಅವ್ವ ಮತ್ತ ಬರಲಿಲ್ಲ.”