ಲಿಂಬಣ್ಣ ಎದ್ದ ದಿನ

ಬಹಳ ಹಿಂದೆ, ದೊಡ್ಡ ಕೆರೆಯ ಕೆಳಗೆ ಒಂದು ಊರಿತ್ತು. ಎಷ್ಟು ಹಿಂದೆ ಅಂತ ಕೇಳಬೇಡಿ, ನನ್ನ ಅಜ್ಜಿಗೆ ಅವಳ ಅಜ್ಜಿ ಹೇಳಿದ್ದು ಇದು. ಆ ಊರಲ್ಲಿ ಲಿಂಬಣ್ಣ ಅಂತ ಒಬ್ಬನಿದ್ದ. ಉಳಲಿಲ್ಲ, ಬಿತ್ತಲಿಲ್ಲ, ಪಗಡೆ ಆಡಿಯೇ ಬದುಕಿದ. ಆಟವಿಲ್ಲದ ದಿನ ಒಂದೂರಲ್ಲಿ ವೈದ್ಯನಾಗುತ್ತಿದ್ದ, ಇನ್ನೊಂದೂರಲ್ಲಿ ಜ್ಯೋತಿಷಿಯಾಗುತ್ತಿದ್ದ. ಹುಣಸೆ ಬೀಜ ಸುಟ್ಟ ಬೂದಿಯನ್ನು ಒಂದು ಸಂತೆಯಲ್ಲಿ ಕೆಮ್ಮಿಗೆ ಮಾರಿ, ಮುಂದಿನ ಸಂತೆಯಲ್ಲಿ ಅದೇ ಬೂದಿಯನ್ನು ಹಲ್ಲುನೋವಿಗೆ ಮಾರಿದನಂತೆ. ಕೊಂಡವರೂ ಅದೇ ಜನ. ಅವರಿಗೆ ಏನು ಹೇಳೋಣ.

ಪಗಡೆಗೆ ಆ ಊರಲ್ಲಿ ಒಂದು ಕಟ್ಟಳೆಯಿತ್ತು. ಹಾಸು ಬಿಚ್ಚಿ ಕೂತ ಮೇಲೆ ಆಟ ಮುಗಿಯುವ ತನಕ ಏಳುವಂತಿಲ್ಲ. ಎದ್ದವನು ಸೋತ. ಉಳಿದವರಿಗೆ ಅದು ಕಟ್ಟಳೆ, ಲಿಂಬಣ್ಣನಿಗೆ ಅದೇ ಬಂಡವಾಳ. ಬೇವಿನ ಕಟ್ಟೆಯ ಮೇಲೆ ಕಾಂಡಕ್ಕೆ ಬೆನ್ನು ಕೊಟ್ಟು ಅವನೇ ಮೊದಲು ಕೂರುತ್ತಿದ್ದ. ಅಲ್ಲಿಂದ ಸಂತೆಯ ಚಪ್ಪರಗಳ ಮೇಲೆ ಹಾಯ್ದು ಕೆರೆಯ ಏರಿಯ ತನಕ ಕಾಣುತ್ತಿತ್ತು. ಎದುರು ಕೂತವನಿಗೆ ಮರ ಮತ್ತು ಲಿಂಬಣ್ಣ, ಇಷ್ಟೇ. ಸೋಲು ಹತ್ತಿರ ಬಂದರೆ ಸಾಕು, ಎದುರಾಳಿಯ ಬೆನ್ನಾಚೆ ನೋಡಿ ಬೆಚ್ಚುತ್ತಿದ್ದ. ನಿನ್ನ ಬಣವೆಗೆ ಬೆಂಕಿ ಬಿತ್ತು ಅನ್ನುತ್ತಿದ್ದ. ಪಾಪ, ಅವನು ಎದ್ದು ಓಡುತ್ತಿದ್ದ. ಬಣವೆ ಇದ್ದ ಹಾಗೇ ಇರುತ್ತಿತ್ತು. ಲಿಂಬಣ್ಣ ಮಾತ್ರ ಹಾವು ತೊಡೆಯ ಮೇಲೆ ಹರಿದರೂ ಎದ್ದವನಲ್ಲ ಅನ್ನುತ್ತಾರೆ.

ಗಾಣದ ಈರಬಸಪ್ಪನಿಗೆ ಅವನು ಮಾಡಿದ್ದನ್ನು ಹೇಳಲು ನನಗೆ ಈಗಲೂ ಬಾಯಿ ಬರುವುದಿಲ್ಲ. ಈರಬಸಪ್ಪ ಗಾಣಕ್ಕೆ ಕಟ್ಟುವ ಒಂದೇ ಒಂದು ಎತ್ತನ್ನು ಪಣಕ್ಕಿಟ್ಟಿದ್ದ. ಗೆಲ್ಲುವುದರಲ್ಲಿದ್ದ. ಆಗ ಲಿಂಬಣ್ಣ, ನಿನ್ನ ಕೂಸು ಬಾವಿಗೆ ಬಿತ್ತು ಅಂದುಬಿಟ್ಟ. ಯಾವ ತಂದೆ ಕೂತಾನು? ಎದೆ ಬಡಿದುಕೊಂಡು ಮನೆಗೆ ಓಡಿದರೆ ಕೂಸು ತೊಟ್ಟಿಲಲ್ಲಿ ಮಲಗಿತ್ತು. ಎತ್ತು ಹೋಯಿತು. ಅಲ್ಲಿಂದ ಒಂದು ವರ್ಷ ಗಂಡ ಹೆಂಡತಿ ಇಬ್ಬರೂ ನೊಗಕ್ಕೆ ಹೆಗಲು ಕೊಟ್ಟು ಗಾಣ ಸುತ್ತಿದರಂತೆ. ಮನುಷ್ಯರು ಗಾಣ ಸುತ್ತುವುದನ್ನು ನೋಡಿ ಊರು ದಂಗಾಯಿತು. ಲಿಂಬಣ್ಣನೂ ನೋಡಿದ. ಎಲೆ ಅಡಿಕೆ ಹಾಕಿಕೊಂಡ, ಹೋದ.

ವರ್ಷ ಕಳೆದು, ಎಂಟು ದಿನ ಮಳೆ ಹೊಡೆದು ಬಿಟ್ಟ ಮೇಲೆ, ಸಂತೆಯ ದಿನ ನಡುಮಧ್ಯಾಹ್ನ ಈರಬಸಪ್ಪ ಮತ್ತೆ ಕಟ್ಟೆ ಹತ್ತಿದ. ಈ ಸಲ ಗಾಣವನ್ನೇ ಇಟ್ಟ. ಗೆದ್ದರೆ ಎತ್ತು ಬೇಕು, ಜೊತೆಗೆ ಲಿಂಬಣ್ಣ ಬದುಕಿರುವ ತನಕ ಕವಡೆ ಮುಟ್ಟಬಾರದು ಅಂದ. ಆಕಾಶ ಕಳಚಿ ಬಿದ್ದರೂ ಏಳುವುದಿಲ್ಲ, ತಿರುಗಿಯೂ ನೋಡುವುದಿಲ್ಲ ಅಂತಲೂ ಹೇಳಿದ. ಲಿಂಬಣ್ಣ ನಕ್ಕು ಒಪ್ಪಿದ. ಎತ್ತನ್ನು ಬೇವಿಗೆ ಕಟ್ಟಿದರು. ಸಂತೆಯೆಲ್ಲ ಬಂದು ಕಟ್ಟೆಯ ಕೆಳಗೆ ನಿಂತಿತು.

ಆಟ ಲಿಂಬಣ್ಣನ ಕಡೆಗೇ ವಾಲಿತು. ಮೂರು ಕಾಯಿ ಹಣ್ಣಾದವು. ಕೊನೆಯ ಕಾಯಿ ಮನೆ ಸೇರಲು ಎರಡು ಬಿದ್ದರೆ ಸಾಕು, ಅವನ ಕೈಗೆ ಎರಡು ಕೇಳಿದರೆ ಎರಡೇ ಬೀಳುತ್ತಿತ್ತಂತೆ. ಕವಡೆ ಕೈಯಲ್ಲಿ ಹಿಡಿದು ಕಣ್ಣೆತ್ತಿದ. ಏರಿಯ ಮೇಲಿನ ಕೊಕ್ಕರೆಗಳೆಲ್ಲ ಒಟ್ಟಿಗೆ ಹಾರಿದವು. ಏರಿಯ ಬುಡದಲ್ಲಿ, ತೂಬಿನ ಪಕ್ಕ, ಕೆಂಪು ನೀರು ಒಸರುತ್ತಿತ್ತು.

"ಏರಿ ಒಡೀಲಿಕ್ಕತ್ತೈತಿ, ಏಳ್ರೋ" ಅಂದ.

ಸಂತೆ ಹೊಟ್ಟೆ ಹಿಡಿದುಕೊಂಡು ನಕ್ಕಿತು. ಗೆಲ್ಲುವಾಗಲೂ ಚಾಳಿ ಬಿಡಲಿಲ್ಲ ನೋಡು ಅಂದರು. ತಿರುಗಿ ನೋಡಿದವನು ಮುಂದಿನ ಸಂತೆಯ ತನಕ ನಗೆಪಾಟಲು, ಅದಕ್ಕೇ ಯಾರೂ ತಿರುಗಲಿಲ್ಲ. ಮತ್ತೆ ಹೇಳಿದ. ತಾಯಿಯ ಆಣೆ ಹಾಕಿದ. ಅವನ ಕಣ್ಣಲ್ಲಿ ನೀರು ಬಂತು. ನೀರು ಕೂಡ ಬರಿಸುತ್ತಾನಲ್ಲ ಅಂತ ಹೊಗಳಿದರು. ಈರಬಸಪ್ಪ ಹಲ್ಲು ಕಚ್ಚಿ ಹಾಸನ್ನೇ ನೋಡುತ್ತಾ ಕೂತಿದ್ದ.

ಆಗ ಲಿಂಬಣ್ಣ ಎದ್ದ.

ಎದ್ದ ಅಂದೆನಲ್ಲ, ಕೇಳಿದಿರಾ? ಗೆದ್ದ ಆಟದಲ್ಲಿ ಎದ್ದ. ನಗು ಅಲ್ಲಿಗೇ ನಿಂತುಹೋಯಿತಂತೆ. ಕವಡೆಗಳನ್ನು ಹಾಸಿನ ಮೇಲೆ ಇಟ್ಟ, ಎಸೆಯಲಿಲ್ಲ, ಇಟ್ಟ. ಬೇವಿನಿಂದ ಎತ್ತು ಬಿಚ್ಚಿ ಹಗ್ಗವನ್ನು ಈರಬಸಪ್ಪನ ಕೈಗೆ ತುರುಕಿದ.

"ನಾ ಸೋತೆ, ಈರಬಸಣ್ಣ. ನಿನ್ನ ಎತ್ತು ತಗೊ. ಕೂಸು, ಹೆಣತೀನ್ನ ಕರಕೊಂಡು ದಿಬ್ಬ ಹತ್ತು."

ಸಂತೆಗೆ ಸಂತೆಯೇ ತಿರುಗಿ ನೋಡಿತು. ಆಮೇಲೆ ಯಾರಿಗೂ ಯಾರೂ ಹೇಳಬೇಕಾಗಲಿಲ್ಲ. ಲಿಂಬಣ್ಣ ಎದ್ದ, ಲಿಂಬಣ್ಣ ಎದ್ದ ಅಂತ ಕೂಗುತ್ತಾ ಓಣಿ ಓಣಿಯೂ ಖಾಲಿಯಾಯಿತು. ದಿಬ್ಬದ ಮೇಲೆ ನಿಂತು ಊರು ಕೊಚ್ಚಿಹೋಗುವುದನ್ನು ನೋಡಿದರು. ತಲೆ ಎಣಿಸಿದರೆ ಒಂದೇ ಕಡಿಮೆ. ಕೆಳಗಿನ ಓಣಿಯಲ್ಲಿ ಬಾಗಿಲು ಬಡಿಯುತ್ತಾ ಓಡುತ್ತಿದ್ದವನನ್ನು ಕೆಲವರು ಕಂಡಿದ್ದರು. ನೀರಿಗೆ ಹೋದ ಅನ್ನುತ್ತಾರೆ. ದೂರದೂರಿನ ಸಂತೆಯಲ್ಲಿ ಪಗಡೆ ನೋಡುತ್ತಾ ನಿಂತಿದ್ದ, ಕವಡೆ ಕೊಟ್ಟರೆ ಕೈ ಹಿಂದಕ್ಕೆ ಎಳೆದುಕೊಂಡ ಅಂತಲೂ ಅನ್ನುತ್ತಾರೆ. ಕೂಸು ಬಾವಿಗೆ ಬಿತ್ತು ಅಂದ ಬಾಯಿಯೇ ಇದನ್ನೂ ಹೇಳಿತಲ್ಲ! ನನಗಂತೂ ಇವತ್ತಿಗೂ ಅರಗುವುದಿಲ್ಲ.

ಊರನ್ನು ದಿಬ್ಬದ ಮೇಲೆ ಮತ್ತೆ ಕಟ್ಟಿದರು. ಅಲ್ಲಿ ಈಗಲೂ ಪಗಡೆಗೆ ಕೂರುವ ಮುಂಚೆ ಎಲ್ಲರೂ ಎದ್ದು ನಿಂತು ಒಮ್ಮೆ ಏರಿಯ ಕಡೆ ನೋಡುತ್ತಾರೆ. ನಿಜವಾದ ಅಪಾಯ ಬಂದರೆ ಬೆಂಕಿ ಅಂತಲೋ ನೀರು ಅಂತಲೋ ಕೂಗುವುದಿಲ್ಲ, "ಲಿಂಬಣ್ಣ ಎದ್ದ" ಅಂತ ಕೂಗುತ್ತಾರೆ. ತಮಾಷೆಗೆ ಆ ಮಾತನ್ನು ಮಕ್ಕಳೂ ಆಡುವಂತಿಲ್ಲ. ನಾನು ಮದುವೆಯಾಗಿ ಆ ಊರಿಗೇ ಬಂದ ವರ್ಷ ಒಮ್ಮೆ ಆ ಕೂಗು ಕೇಳಿದ್ದೆ. ಒಲೆಯ ಮೇಲಿನ ರೊಟ್ಟಿ ಅಲ್ಲೇ ಬಿಟ್ಟು, ಯಾಕೆ ಅಂತ ಕೇಳದೆ ಓಡಿದೆ.