ಕೊನೆಯ ಏಟು ಬೀಳುವವರೆಗೆ

“ಕೇಳಿರಪ್ಪೋ ಕೇಳಿ! ಅರಸುಕುಮಾರಿ ಪದುಮಲದೇವಿ ಕೇಳುವ ಮೂರು ಒಗಟುಗಳನ್ನು ಬಿಡಿಸಿದವನಿಗೆ ಅವಳ ಕೈ, ಜೊತೆಗೆ ಅರ್ಧ ಸೀಮೆ. ಒಂದು ತಪ್ಪಿದರೂ ತಲೆ ಹೋಗುತ್ತದೆ!”

ಧಣ್!

ಸಿರಿವೊಳಲಿನ ಕೋಟೆಬಾಗಿಲಲ್ಲಿ ಹೀಗೆ ಕೂಗಿದವನು ಮಾಚ. ತಮಟೆಗೆ ಏಟು ಹಾಕಿದವನು ಅವನ ತಮ್ಮ ದುಗ್ಗ. ಅಣ್ಣನಿಗೆ ಬಾಯಿ, ತಮ್ಮನಿಗೆ ತಮಟೆ ಎಂದು ಅಪ್ಪನೇ ಕೆಲಸ ಹಂಚಿಕೊಟ್ಟು ಹೋಗಿದ್ದ. ಕರಣಿಕ ಓಲೆ ಓದುವಾಗ ಮಾಚ ಮಾತನ್ನು ಬಾಯಿಪಾಠ ಮಾಡಿಕೊಳ್ಳುತ್ತಿದ್ದ. ದುಗ್ಗ ಮಾತಿನ ಗೊಡವೆಗೇ ಹೋಗುತ್ತಿರಲಿಲ್ಲ, ಓಲೆಯ ಮೇಲೆ ಕರಣಿಕನ ಬೆರಳು ಎಲ್ಲಿ ನಿಲ್ಲುತ್ತದೆ ಎಂದಷ್ಟೇ ನೋಡಿಕೊಂಡು ಅಲ್ಲಿ ಏಟು ಹಾಕುತ್ತಿದ್ದ. ಏಕೆಂದರೆ ತಮಟೆಯ ಕೊನೆಯ ಏಟು ಬೀಳದೆ ಯಾವ ಅಪ್ಪಣೆಯೂ ನಡೆಯುವಂತಿಲ್ಲ ಎಂಬುದು ಆ ಊರಿನ ಕಟ್ಟಳೆ. ತಲೆ ತೆಗೆಯುವುದಿದ್ದರೂ ಹೆಸರು ಕೂಗಬೇಕು, ಏಟು ಬೀಳಬೇಕು, ಆಮೇಲೆಯೇ ಕತ್ತಿ ಇಳಿಯಬೇಕು.

ಒಗಟು ಅರಸುಕುಮಾರಿಯದಾದರೂ ತಲೆಯ ಮಾತು ಅರಸನದು. ಕಂಡಕಂಡವರೆಲ್ಲ ಮಗಳ ಮುಂದೆ ಬಂದು ಹಲ್ಲು ಕಿಸಿಯುತ್ತಾರೆಂಬ ಸಿಟ್ಟಿಗೆ ಸೇರಿಸಿದ್ದ. ಸಿಟ್ಟು ಇಳಿದರೂ ಓಲೆಗೆ ಹತ್ತಿದ ಮಾತು ಇಳಿಯಲಿಲ್ಲ. ದೊಡ್ಡವರ ಸಿಟ್ಟು ಅಂದರೆ ಹಾಗೆಯೇ ನೋಡಿ!

ಮೊದಲು ಬಂದವನು ದಳವಾಯಿಯ ಮಗ ಗೋವರಸ. ಪದುಮಲದೇವಿ ಮೆಲ್ಲಗೆ ಕೇಳಿದಳು: “ಅದು ಮನುಷ್ಯನಿಗೂ ಇದೆ, ಮಡಕೆಗೂ ಇದೆ. ಕಳ್ಳ ಅದನ್ನು ಹೊತ್ತೊಯ್ಯಲಾರ. ಒಡೆಯ ಮಣ್ಣಾದರೂ ಅದು ಜನರ ಬಾಯಲ್ಲಿ ಉಳಿಯುತ್ತದೆ. ಏನದು?”

“ಕೀರ್ತಿ!” ಎಂದು ಗೋವರಸ ಮೀಸೆ ತಿರುವಿದ. ಮಡಕೆಗೆ ಎಲ್ಲಿಯ ಕೀರ್ತಿ? ಸಂಜೆಗೆ ಮಾಚ ಅವನ ಹೆಸರು ಕೂಗಿದ, ದುಗ್ಗ ಏಟು ಹಾಕಿದ.

ಎರಡನೆಯವನು ಪಂಡಿತ ಹರಿಯಪ್ಪ. “ಹೆಸರು” ಎಂದು ಮೊದಲನೆಯದನ್ನು ಥಟ್ಟನೆ ಬಿಡಿಸಿದ. ಅವಳು ಎರಡನೆಯದನ್ನು ಕೇಳಿದಳು: “ಅದಿಲ್ಲದೆ ಕುದುರೆ ಓಡದು, ಹೊಳೆ ಹರಿಯದು, ತಾಯಿ ಮಗುವನ್ನು ಎತ್ತಲಾರಳು. ಮಾತಿನಲ್ಲಿ ಎಲ್ಲರ ಹಿಂದೆ ಬಂದು ಕೂರುತ್ತದೆ. ಅದು ಬರುವವರೆಗೆ ಕೇಳುವವರಿಗೆ ಏನೂ ತಿಳಿಯದು.”

“ಉಸಿರು” ಎಂದ ಹರಿಯಪ್ಪ. ಹೊಳೆಗೆ ಉಸಿರಿಲ್ಲ ಎಂಬುದು ಹೊಳೆದಾಗ ಹೊತ್ತು ಮೀರಿತ್ತು. ಅವನ ಹೆಸರು ಕೂಗುವಾಗ ಮುದುಕಿ ತಾಯಿ ಕೋಟೆಬಾಗಿಲಲ್ಲೇ ಕುಸಿದು ಕೂತಳು.

ಅಂದು ಮಾಚನಿಗೆ ತುತ್ತು ಇಳಿಯಲಿಲ್ಲ. “ಇನ್ನೊಬ್ಬ ತಾಯಿ ಮಗನ ಹೆಸರು ಈ ಬಾಯಲ್ಲಿ ಬರಬಾರದು ಕಣೋ. ಯಾರಾದ್ರೂ ಬಿಡಿಸಿದ್ರೆ ತಾನೆ ಇದು ನಿಲ್ಲೋದು? ನಾನೇ ಹೋಗ್ತೀನಿ” ಎಂದ.

“ಬ್ಯಾಡ ಅಣ್ಣ, ನಿನ್ನ ಕಾಲಿಗೆ ಬೀಳ್ತೀನಿ” ಎಂದ ದುಗ್ಗ. ಅವನ ಮಾತನ್ನು ಯಾರು ಕೇಳುತ್ತಾರೆ? ಮಾತು ಅಣ್ಣನ ಪಾಲಿನದು.

ಮರುದಿನ ಮಾಚ ಅರಸುಕುಮಾರಿಯ ಎದುರು ನಿಂತು, “ಮೊದಲನೇದು ಹೆಸರು. ಎರಡನೇದು ಕೆಲಸ ಅಮ್ಮಣ್ಣಿ. ‘ಅರಸರು ಕೆರೆಯನ್ನ’ ಅಂತ ಕೂಗಿ ನಿಲ್ಲಿಸಿದ್ರೆ ಜನ ಬಾಯಿ ಬಿಟ್ಕೊಂಡು ನಿಂತಿರ್ತಾರೆ. ‘ಕಟ್ಟಿಸಿದರು’ ಅಂದಾಗಲೇ ತಿಳಿಯೋದು” ಎಂದ. ಜನ ಹೋ ಎಂದರು. ಅರಸುಕುಮಾರಿಯ ಮುಖದಲ್ಲೂ ಆಸೆ ಮೂಡಿತು. ಮೂರನೆಯದನ್ನು ಕೇಳಿದಳು:

“ಅದು ಸಾಸಿವೆಗಿಂತ ಚಿಕ್ಕದು, ಸದ್ದಿಲ್ಲದ್ದು. ಅದು ಬಂದರೆ ಎಂಥ ಮಾತುಗಾರನೂ ನಿಲ್ಲಲೇಬೇಕು. ನಿಂತವನು ಮತ್ತೆ ಹೊರಡುವುದೂ ಅದನ್ನು ದಾಟಿಯೇ. ಏನದು?”

ಎರಡು ಸಾವು ಕೂಗಿದ ಮಾಚನ ಬಾಯಿಗೆ ಬೇರೇನೂ ತೋಚಲಿಲ್ಲ. “ಸಾವು” ಎಂದ.

“ಅಲ್ಲ” ಎಂದಳು ಅವಳು. ದನಿ ಒಡೆದಿತ್ತು.

ಈಗ ಕೂಗುವವನೂ ದುಗ್ಗನೇ, ಬಾರಿಸುವವನೂ ದುಗ್ಗನೇ. ಸಂಜೆ ಅಣ್ಣನ ಹೆಸರನ್ನು ಹೇಗೋ ಕೂಗಿದ, ಅರ್ಧ ಜನಕ್ಕೆ ಕೇಳಿಸಲೇ ಇಲ್ಲ. ಕೋಲು ಎತ್ತಿದ. ಕೋಲು ಕೆಳಗೆ ಬರಲಿಲ್ಲ.

ಅಣ್ಣ ತಲೆ ಬಗ್ಗಿಸಿ ಕಾಯುತ್ತಿದ್ದ. ಕಟುಕ ಕತ್ತಿ ಹಿಡಿದು ಕಾಯುತ್ತಿದ್ದ. ಅರಸನೂ ಕಾಯುತ್ತಿದ್ದ.

“ಏಟು ಎಲ್ಲೋ?” ಎಂದು ಅರಸ ಗದರಿದ.

ದುಗ್ಗ ಅಭ್ಯಾಸಬಲದಿಂದ ಕರಣಿಕನ ಕಡೆ ನೋಡಿದ. ಓಲೆಯ ಕೊನೆಯಲ್ಲಿ ಬೆರಳು ನಿಂತಿತ್ತು. ಬೆರಳ ತುದಿಯಲ್ಲಿ ಒಂದು ಚುಕ್ಕಿ. ದುಗ್ಗ ಕೋಲನ್ನು ಕಂಕುಳಲ್ಲಿ ಸಿಕ್ಕಿಸಿ ಕೈ ಮುಗಿದ.

“ಬುದ್ಧಿ, ಮೂರನೇದು ನಾನು ಹೇಳ್ತೀನಿ.”

“ತಪ್ಪಿದರೆ ಎರಡು ತಲೆ ಹೋಗುತ್ತವೆ” ಎಂದ ಅರಸ.

“ಹೋಗಲಿ ಬುದ್ಧಿ. ಅಣ್ಣನಿಲ್ಲದೆ ನಾನು ಯಾವ ಮಾತಿಗೆ ತಮಟೆ ಬಾರಿಸಲಿ?” ದುಗ್ಗ ಅರಸುಕುಮಾರಿಯ ಕಡೆ ತಿರುಗಿದ. “ಅಮ್ಮಣ್ಣಿ, ಮೊದಲನೇದು ಹೆಸರು, ಎರಡನೇದು ಕೆಲಸ, ಅಣ್ಣ ಹೇಳಿದ್ದೇ ಸರಿ. ಮೂರನೇದು ಸಾವಲ್ಲ. ಸತ್ತೋರು ಮತ್ತೆ ಹೊರಡಲ್ಲ. ಅದು ಓಲೆಯಲ್ಲಿ ಮಾತು ಮುಗಿದ ಕಡೆ ಇಡೋ ಚುಕ್ಕಿ. ಕರಣಿಕರು ಅದರ ಮೇಲೆ ಬೆರಳಿಟ್ಟರೆ ನಾನು ಏಟು ಹಾಕ್ತೀನಿ, ಅಣ್ಣ ನಿಲ್ಲಿಸ್ತಾನೆ. ಆಮೇಲೆ ಮುಂದಿನ ಮಾತು ಶುರು ಮಾಡ್ತಾನೆ.”

ಪದುಮಲದೇವಿ ಅಳುತ್ತಲೇ ಎದ್ದು ನಿಂತಳು. “ಅಪ್ಪಾಜಿ, ಇವು ಅವ್ವ ನನಗೆ ಅಕ್ಷರ ಕಲಿಸುವಾಗ ಹಾಕುತ್ತಿದ್ದ ಒಗಟುಗಳು. ನಾಮಪದ, ಕ್ರಿಯಾಪದ, ಪೂರ್ಣವಿರಾಮ. ಮಗುವಿನ ಪಾಠಕ್ಕೆ ನೀವು ಕತ್ತಿ ಕಟ್ಟಿದಿರಿ. ಬಾಯಿ ಮುಚ್ಚಿಕೊಂಡಿದ್ದು ನನ್ನ ತಪ್ಪು.”

ಇಂದು ಇಂಗ್ಲಿಷ್ ಪಾಠದಲ್ಲಿ ನಿಮ್ಮ ಮಕ್ಕಳು ನೌನ್, ವರ್ಬ್, ಫುಲ್‌ಸ್ಟಾಪ್ ಎಂದು ರಾಗ ಎಳೆಯುವುದು ಇವನ್ನೇ. ತಪ್ಪಿದರೆ ಮೇಷ್ಟ್ರು ಕಿವಿ ಹಿಂಡಿಯಾರು, ಅಷ್ಟೇ.

ಅರಸ ತಲೆ ತಗ್ಗಿಸಿದ. ಮಾಚನ ಕಟ್ಟು ಬಿಚ್ಚಿಸಿದ. ತಲೆಯ ಮಾತನ್ನು ಓಲೆಯಿಂದ ಹೊಡೆದುಹಾಕಿಸಿದ. ಅರ್ಧ ಸೀಮೆ ಕೊಡಲು ಬಂದಾಗ ದುಗ್ಗ, “ಸೀಮೆ ಆಮೇಲೆ ಬುದ್ಧಿ, ಮೊದಲು ತಲೆ ಹೋದವರ ಮನೆಗಳಿಗೆ ಹೋಗಿ ಬನ್ನಿ” ಎಂದ. ಅರಸ ಪಲ್ಲಕ್ಕಿ ಬಿಟ್ಟು ನಡೆದೇ ಹೋದ. ಅರಸುಕುಮಾರಿಯೂ ಸತ್ತವರ ವರ್ಷ ತುಂಬುವವರೆಗೆ ಹಸೆಮಣೆ ಏರಲೊಲ್ಲೆ ಎಂದಳು.

ವರ್ಷ ತುಂಬಿದ ಮೇಲೆ ಅವಳಿಗೂ ದುಗ್ಗನಿಗೂ ಮದುವೆ ಎಂಬ ಸುದ್ದಿ ಸಾರಬೇಕಾಯಿತು. ತಮಟೆಯನ್ನು ಬೇರೆ ಯಾರಿಗೂ ಕೊಡದೆ ಮದುಮಗನೇ ಹಿಡಿದು ನಿಂತ. ಮಾಚ ಮೊದಲು ಗೋವರಸನ ಹೆಸರನ್ನೂ ಹರಿಯಪ್ಪನ ಹೆಸರನ್ನೂ ಕೂಗಿ, “ಇವರನ್ನು ನಾವು ಅನ್ಯಾಯವಾಗಿ ಕಳೆದುಕೊಂಡೆವು” ಎಂದ. ದುಗ್ಗ ಏಟು ಹಾಕಿದ. ಆಮೇಲೆ ಮಾಚನಿಗೆ ಬಾಯಿ ತೆರೆಯಲಾಗಲಿಲ್ಲ. ದುಗ್ಗನ ಕಣ್ಣೂ ಮಂಜಾಯಿತು.

ಗುಂಪಿನ ಮುಂದೆ ಹರಿಯಪ್ಪನ ತಾಯಿ ನಿಂತಿದ್ದಳು. ಸೆರಗಿನಿಂದ ಮುಖ ಒರೆಸಿಕೊಂಡು ಮಾಚನತ್ತ ನೋಡಿದಳು.

“ಮುಂದಿನದು ಹೇಳಪ್ಪಾ” ಎಂದಳು.