ಹೊಸ್ತಿಲ ಮೇಲಿನ ದೊನ್ನೆ

ಎಳೆಯ ನರಕೋಶಗಳನ್ನು ಗಾಜಿನ ತಟ್ಟೆಗಳಲ್ಲಿ ಬೆಳೆಸುತ್ತಿದ್ದ ಇಂದುಧರ ತನ್ನ ಗುರುಗಳನ್ನು ಕೇಳಿದ:

“ಸರ್, ಎರಡು ತಟ್ಟೆಗಳಿಗೂ ಬೆಳವಣಿಗೆಯ ಸತ್ವವನ್ನು ದಿನಕ್ಕೊಂದು ಹನಿ ಹಾಕುತ್ತಿದ್ದೆ. ಕೋಶವೇ ಮಾಡಿಕೊಂಡು ಮೈಮೇಲೆ ಇಟ್ಟುಕೊಳ್ಳುವ ಗ್ರಾಹಕಗಳು ಅದನ್ನು ಹಿಡಿದು ಒಳಗೆ ಒಯ್ದವು. ಎರಡರಲ್ಲೂ ಕೋಶಗಳು ಕವಲೊಡೆದವು. ಸೋಮವಾರ ಒಂದು ತಟ್ಟೆಗೆ, ಬೇಗ ಬೆಳೆಯಲಿ ಎಂದು, ಹತ್ತು ಹನಿ ಹಾಕಿದೆ. ಮಂಗಳವಾರ ತೊಳೆದು ಮತ್ತೆ ಒಂದೇ ಹನಿ. ಇವತ್ತು ಅದರಲ್ಲಿ ಅರ್ಧ ಸತ್ತಿವೆ. ಉಳಿದವನ್ನು ಉಳಿಸಿಕೊಳ್ಳಲು ಇಪ್ಪತ್ತು ಹನಿ ಹಾಕಲೇ?”

ಸೀಸೆ ಅವನ ಕೈಯಲ್ಲೇ ಇತ್ತು. ಗುರುಗಳು ಅವನನ್ನು ಕೂರಿಸಿ ಒಂದು ಕತೆ ಹೇಳಿದರು.

ಒಬ್ಬ ವ್ಯಾಪಾರಿ ಹರಕೆ ಹೊತ್ತಿದ್ದ. ಬೆಳಗಾಗುತ್ತಲೇ ಊರಿನ ಬೀದಿಯಲ್ಲಿ ಹಾಲು ಹಂಚುವುದು. ಹೊಸ್ತಿಲ ಮೇಲೆ ಹೊಸ ಎಲೆಯ ದೊನ್ನೆ ಇದ್ದರೆ ದೊನ್ನೆಗೊಂದು ಸೌಟು. ದೊನ್ನೆ ಇಲ್ಲದ ಮನೆಗೆ ಹಾಲು ಬೇಡ ಎಂದು ತಿಳಿದು ಮುಂದೆ ಹೋಗುವುದು. ಒಮ್ಮೆ ಕುಡಿದ ದೊನ್ನೆ ಎಂಜಲು, ಅದು ತಿಪ್ಪೆಗೆ. ಹರಕೆಯ ಹಾಲನ್ನು ಬೇರೆ ಪಾತ್ರೆಗೆ ಹಾಕುವಂತಿಲ್ಲ.

ಆ ಬೀದಿಯಲ್ಲಿ ಒಬ್ಬ ತಾಯಿ ಇದ್ದಳು. ಅವಳ ಮಗು ಬಡಕಲು. ಮೊದಲ ದಿನ ಅವಳು ಒಂದೇ ದೊನ್ನೆ ಇಟ್ಟಳು. ಹಾಲು ಕುಡಿದ ಮಗು ನಿದ್ದೆ ಹೋಯಿತು. ಆ ಬಿಡುವಿನಲ್ಲಿ ಅವಳು ಕುರುಚಲಿಗೆ ಹೋಗಿ ಮುತ್ತುಗದ ಎಲೆ ತಂದು ಎರಡು ದೊನ್ನೆ ಹೊಲಿದಳು. ಎರಡು ದೊನ್ನೆ ಹಾಲು ಮಗುವನ್ನು ಇನ್ನಷ್ಟು ಹೊತ್ತು ಮಲಗಿಸಿತು. ಹತ್ತು ದಿನದಲ್ಲಿ ಹೊಸ್ತಿಲ ಮೇಲೆ ಮೂರು ದೊನ್ನೆ, ಗೂಡಿನಲ್ಲಿ ಇನ್ನೂ ಒಂಬತ್ತು. ಮಗು ತೆವಳತೊಡಗಿತು.

ವ್ಯಾಪಾರಿಗೆ ಹಿಗ್ಗು. ಬರುವ ಹಬ್ಬದೊಳಗೆ ಮಗು ಎದ್ದು ನಡೆಯಬೇಕು ಎಂದುಕೊಂಡು, ಮನೆಯಲ್ಲಿರುವ ದೊನ್ನೆಗಳನ್ನೆಲ್ಲ ತರಿಸಿ ತುಂಬಿಸಿದ. ಮಗು ಹಿಡಿಸಿದಷ್ಟು ಕುಡಿದು ಹೊಟ್ಟೆ ಕೆಡಿಸಿಕೊಂಡಿತು. ಉಳಿದದ್ದು ಮಧ್ಯಾಹ್ನಕ್ಕೆ ಒಡೆಯಿತು. ಹನ್ನೆರಡು ದೊನ್ನೆಯೂ ತಿಪ್ಪೆ ಸೇರಿದವು. ಮಗು ದಿನವಿಡೀ ಮಡಿಲು ಬಿಡಲಿಲ್ಲ; ತಾಯಿ ಎಲೆಗೆ ಹೋಗಲಿಲ್ಲ.

ಮರುದಿನ ಹೊಸ್ತಿಲು ಬರಿದು. ನಿನ್ನೆಯದೇ ಸಾಕಾಗಿರಬೇಕು ಎಂದು ವ್ಯಾಪಾರಿ ಮುಂದೆ ಹೋದ. ಈಗ ಮಗು ಹಸಿವಿಗೆ ಅತ್ತಿತು. ಅಳುವ ಮಗುವನ್ನು ಬಿಟ್ಟು ತಾಯಿ ಹೊರಡಲಾರಳು. ಅದರ ಮರುದಿನವೂ ಹೊಸ್ತಿಲು ಬರಿದು.

ಮೂರನೆಯ ದಿನ ಅಳು ಕೇಳಿ ವ್ಯಾಪಾರಿ ನಿಂತ.

“ಏನವ್ವ, ಅಷ್ಟು ಕೊಟ್ಟರೂ ಮಗು ಸೊರಗಿದೆಯಲ್ಲ? ಕೊಡ ತುಂಬ ಹಾಲು ತಂದಿದ್ದೇನೆ.”

“ನಿಮ್ಮ ಹಾಲಿಗೇನು, ಹೊಳೆಯಷ್ಟಿದೆ ಸ್ವಾಮಿ,” ಎಂದಳು ತಾಯಿ. “ದೊನ್ನೆ ನಾನೇ ಹೊಲಿಯಬೇಕಲ್ಲ.”

ಗುರುಗಳು ಅಲ್ಲಿಗೆ ನಿಲ್ಲಿಸಿದರು.

ಮಗು ಉಳಿಯಿತೇ ಎಂದು ಇಂದುಧರ ಕೇಳಿದ.

ಗುರುಗಳು ಅವನ ಪ್ರಯೋಗದ ಪುಸ್ತಕದ ಪುಟಗಳನ್ನು ಒಂದೊಂದಾಗಿ ತಿರುವಿ ನೋಡಿ, ಮುಚ್ಚಿ, ಅವನ ಕೈಗೇ ಕೊಟ್ಟರು.

“ದಿನಕ್ಕೆ ಎಷ್ಟು ಹನಿ ಸುರಿದೆ ಎಂದು ಬರೆದಿದ್ದೀಯ, ಹೊಸ್ತಿಲ ಮೇಲೆ ಎಷ್ಟು ದೊನ್ನೆ ಇತ್ತು ಎಂದು ಯಾವ ಪುಟದಲ್ಲಿದೆ?”